ಪಂಪು ಆರಿಸಿದಷ್ಟಾದರೂ ಸರ್ಜನರನ್ನು ಆರಿಸೋಣ

ಹೊಸ ಪಂಪ್‌ಸೆಟ್ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತಿದ್ದೆ. ಮೂವರು ಕೃಷಿಕರ ತೋಟಕ್ಕೆ ಹೋಗಿ ಪಂಪು ಓಡುವುದನ್ನು ನೋಡಿದ್ದೆ. ಮೋಟಾರು ಸುಟ್ಟರೆ ರಿಪೇರಿಗೆ ಯಾರು ಬರ್ತಾರೆ, ಎಷ್ಟು ದಿನದಲ್ಲಿ ಬರ್ತಾರೆ ಎಂದೂ ವಿಚಾರಿಸಿದ್ದೆ. ನನ್ನದೇ ಹೊಟ್ಟೆ ಕೊಯ್ಯುವ ವೈದ್ಯರನ್ನು ಆರಿಸಲು ತಗೊಂಡ ಹೊತ್ತು? ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ನಡೆದಷ್ಟು! ದೊಡ್ಡ ಬೋರ್ಡು ಕಂಡಿತು, ಹತ್ತಿ ಹೋದೆ.

ನನಗಾದದ್ದು ಹರ್ನಿಯಾ. ನಮ್ಮಲ್ಲಿ ಇದು ಅಪರೂಪದ್ದಲ್ಲ. ತೊಡೆಸಂದಿಯ ಹತ್ತಿರ ಹೊಟ್ಟೆಯ ಗೋಡೆ ಸಡಿಲಾಗಿ ಕರುಳು ಉಬ್ಬಿಕೊಂಡು ಬರುತ್ತದೆ. ಭಾರ ಎತ್ತಿದಾಗ, ಕೆಮ್ಮಿದಾಗ ಗಂಟು ಕಾಣುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ. ಅಡಿಕೆ ಗೋಣಿ ಎತ್ತುವವರಿಗೆ, ಹಳೆ ಕೆಮ್ಮು ಇರುವವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗಿ ಲಂಗೋಟಿ ಬಿಗಿದು ವರ್ಷಗಟ್ಟಲೆ ದೂಡುವವರೇ ಹೆಚ್ಚು. ನಾನೂ ಎರಡು ವರ್ಷ ದೂಡಿದವನೇ.

ಆ ದೊಡ್ಡ ಬೋರ್ಡಿನ ವೈದ್ಯರು ಎರಡು ನಿಮಿಷ ನೋಡಿದರು. "ನಾಳೆ ಅಡ್ಮಿಟ್ ಆಗಿ" ಅಂದರು. "ಡಾಕ್ಟ್ರೇ, ಇದನ್ನು ತುಂಬ ಮಾಡಿದ್ದೀರಾ?" ಎಂದು ಕೇಳಿಬಿಟ್ಟೆ. ಅವರ ಮುಖ ಗಂಟಾಯಿತು. "ನಂಬಿಕೆ ಇಲ್ಲದಿದ್ದರೆ ಬೇರೆ ಕಡೆ ಹೋಗಬಹುದು." ನನಗೆ ಅಪರಾಧ ಮಾಡಿದ ಹಾಗಾಯಿತು. ಮರುದಿನ ಹೋಗಿ ಮಲಗುವವನೇ ಇದ್ದೆ. ಜತೆಗಿದ್ದ ಭಾವ ಹೊರಗೆ ಬಂದು ಹೇಳಿದರು: "ಹೋಗಬಹುದು ಅಂತ ಅವರೇ ಹೇಳಿದ್ರಲ್ಲ ಭಾವಾ, ಹೋಗುವ!"

ಹೋದೆವು. ಅಲ್ಲಿಂದ ಮುಂದಿನ ಎರಡು ತಿಂಗಳು ನಾನು ಕಲಿತದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಆರಿಸುವ ಹೊತ್ತು ಯಾವುದು?

ನಮ್ಮ ನೆರೆಯ ಅಣ್ಣ ಒಬ್ಬರಿಗೂ ಇದೇ ತೊಂದರೆ ಇತ್ತು. "ಈ ಕೊಯ್ಲು ಮುಗಿಯಲಿ" ಎಂದರು. ಆಮೇಲೆ "ಈ ಸಲದ ಮದ್ದು ಬಿಟ್ಟಾಗಲಿ" ಎಂದರು. ಮಳೆಗಾಲದ ಒಂದು ರಾತ್ರಿ ಗಂಟು ಕಲ್ಲಿನ ಹಾಗಾಯಿತು. ಒಳಗೆ ಹೋಗಲೊಲ್ಲದು. ನೋವು, ವಾಂತಿ. ಜೀಪು ಮಾಡಿ ಹೊರಟೆವು. ಮೊದಲ ಆಸ್ಪತ್ರೆಯಲ್ಲಿ ಸರ್ಜನರಿಲ್ಲ. ಎರಡನೆಯದರಲ್ಲಿ ಸರ್ಜನರಿದ್ದಾರೆ, ಅರಿವಳಿಕೆ ಕೊಡುವವರಿಲ್ಲ. ಮೂರನೆಯದನ್ನು ಮುಟ್ಟುವಾಗ ಬೆಳಗಾಗಿತ್ತು. ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯದೆ ಕಪ್ಪಾಗಿತ್ತು. ಅಷ್ಟು ತುಂಡನ್ನು ಕತ್ತರಿಸಿ ತೆಗೆದರು. ಜೀವ ಉಳಿಯಿತು. ಆದರೆ ಆರು ತಿಂಗಳು ತೋಟಕ್ಕಿಳಿಯಲಿಲ್ಲ. ಸಾಲ ಇನ್ನೂ ತೀರಿಲ್ಲ.

ಆ ರಾತ್ರಿ ಅವರಿಗೆ ಆರಿಸುವ ಅವಕಾಶವೇ ಇರಲಿಲ್ಲ. ಸಿಕ್ಕಿದವರೇ ದೇವರು. ನಾನು ಹೇಳಹೊರಟದ್ದು ಇದನ್ನೇ. ಸರ್ಜನರನ್ನು ಆರಿಸಬೇಕಾದ್ದು ನೋವಿಲ್ಲದ ಹೊತ್ತಿನಲ್ಲಿ. ಕೊಳೆರೋಗ ಬಂದ ಮೇಲೆ ಮೈಲುತುತ್ತು ಹುಡುಕಲು ಹೋಗುವವರನ್ನು ನಾವೇ ತಮಾಷೆ ಮಾಡುತ್ತೇವಲ್ಲ?

ಹಾಗೆಂದು ಹರ್ನಿಯಾ ಕಂಡ ಮರುದಿನವೇ ಮೇಜಿನ ಮೇಲೆ ಮಲಗಬೇಕೆಂದಲ್ಲ. ಹೆಚ್ಚು ತೊಂದರೆ ಕೊಡದ ಹರ್ನಿಯಾ ಇರುವ ಗಂಡಸರು ವೈದ್ಯರ ನಿಗಾದಲ್ಲಿ ಕಾಯಬಹುದು ಎಂದು ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಆದರೆ ಅವರನ್ನೇ ಮುಂದೆಯೂ ಗಮನಿಸಿದಾಗ, ಹತ್ತು ವರ್ಷದೊಳಗೆ ಮೂವರಲ್ಲಿ ಇಬ್ಬರು ಆಪರೇಶನಿಗೆ ಬಂದೇ ಬಂದರು, ಹೆಚ್ಚಿನವರು ನೋವಿಗಾಗಿ. ಅಂದರೆ ಅವಸರವಿಲ್ಲ, ಆದರೆ ಮರೆಯುವ ಹಾಗೂ ಇಲ್ಲ. ಆ ಪುರುಸೊತ್ತನ್ನು ಸರ್ಜನರನ್ನು ಹುಡುಕಲು ಬಳಸಿ.

ಯಾರನ್ನು ಕೇಳುವುದು?

ಮೊದಲು ನಮ್ಮ ಮನೆ ವೈದ್ಯರನ್ನು. ಆದರೆ "ಯಾರು ಒಳ್ಳೆಯವರು?" ಎಂದು ಕೇಳಬೇಡಿ, ಎಲ್ಲರೂ ಒಳ್ಳೆಯವರೇ. "ನಿಮ್ಮ ಅಣ್ಣನಿಗೆ ಇದೇ ಆದರೆ ಯಾರ ಹತ್ರ ಕಳಿಸ್ತೀರಿ?" ಎಂದು ಕೇಳಿ. ನಾನು ಹಾಗೆ ಕೇಳಿದಾಗ ನಮ್ಮ ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಕೇಳಿರದ ಹೆಸರೊಂದನ್ನು ಹೇಳಿದರು. ಆಸ್ಪತ್ರೆಯಲ್ಲಿ ದುಡಿಯುವ ನರ್ಸ್ ನಿಮ್ಮ ನೆಂಟರಲ್ಲಿದ್ದರೆ ಇನ್ನೂ ಒಳ್ಳೆಯದು. ಥಿಯೇಟರಿನೊಳಗಿನ ಕೈಚಳಕ ನೋಡಿದವರು ಅವರು.

ಇನ್ನು ಆಪರೇಶನ್ ಆದವರು. ಹೊಲಿಗೆ ಬಿಚ್ಚಿ ವಾರವಾದವರನ್ನಲ್ಲ, ವರ್ಷ ಕಳೆದವರನ್ನು ಮಾತಾಡಿಸಿ. ಮೊದಲ ಫಸಲು ನೋಡಿಯೇ ಅಡಿಕೆ ತಳಿಯ ಬಗ್ಗೆ ತೀರ್ಮಾನಿಸಬಾರದಲ್ಲ, ಹಾಗೆಯೇ ಇದೂ.

ಬೋರ್ಡಿನಲ್ಲಿ 'ಎಂ.ಎಸ್.' ಎಂದಿದ್ದರೆ ಸಾಲದು, ಅದರ ಪಕ್ಕದ್ದನ್ನೂ ಓದಿ. ಮೂಳೆಯವರಿಗೂ ಕಣ್ಣಿನವರಿಗೂ ಎಂ.ಎಸ್. ಉಂಟು. ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ಓದಿ ಜನರಲ್ ಸರ್ಜರಿಯಲ್ಲಿ ಎಂ.ಎಸ್. ಅಥವಾ ಡಿ.ಎನ್.ಬಿ. ಪಡೆದವರು ನಮಗೆ ಬೇಕಾದ್ದು. ಇದು ಮೊದಲ ಜರಡಿ ಮಾತ್ರ.

ಅವರನ್ನೇ ಕೇಳುವುದು ಏನು?

ಎರಡನೆಯ ಸರ್ಜನರಲ್ಲಿಗೆ ಹೋಗುವಾಗ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಇದು ನನಗೆ ಈಗಲೇ ಬೇಕೇ, ಬಿಟ್ಟರೆ ಏನಾಗುತ್ತದೆ? ನೀವು ತಿಂಗಳಿಗೆ ಇಂಥದ್ದು ಎಷ್ಟು ಮಾಡ್ತೀರಿ? ಎಷ್ಟು ಜನರಿಗೆ ಮತ್ತೆ ಬಂದಿದೆ? ಕೊಯ್ದು ಮಾಡುವುದೇ, ಕ್ಯಾಮೆರಾ ತೂರಿಸಿ ಮಾಡುವುದೇ, ಯಾಕೆ? ಕತ್ತಿ ಹಿಡಿಯುವುದು ನೀವೇ ತಾನೇ? ಅರಿವಳಿಕೆ ವೈದ್ಯರು ಕೊನೆವರೆಗೂ ಇರ್ತಾರಾ? ಒಟ್ಟು ಖರ್ಚು ಎಷ್ಟು?

ಅವರು ಚೀಟಿಯನ್ನೇ ಇಸಿದುಕೊಂಡು ಒಂದೊಂದಕ್ಕೂ ಉತ್ತರ ಹೇಳಿದರು. ಗೋಡೆಗೆ ಆಧಾರವಾಗಿ ಬಲೆ ಇಟ್ಟು ಹೊಲಿಯುತ್ತೇವೆ ಎಂದು ಅದರ ತುಂಡನ್ನು ಕೈಗೆ ಕೊಟ್ಟರು. ನಮ್ಮ ಗೊಬ್ಬರದ ಚೀಲ ನೇಯುವ ಪಾಲಿಪ್ರೊಪಿಲೀನಿನ ಜಾತಿಯದ್ದೇ ಅದು! ಗಾಯದ ಪಕ್ಕ ಮರಗಟ್ಟಿದ ಹಾಗೆ ಉಳಿಯಬಹುದು, ಕೆಲವರಿಗೆ ನೋವು ತುಂಬ ಸಮಯ ಇರಬಹುದು ಎಂದೂ ಹೇಳಿದರು. ನನಗೆ ಈಗಲೂ ಆ ಜಾಗದಲ್ಲಿ ಸ್ಪರ್ಶ ಕಡಿಮೆ. ಮೊದಲೇ ಹೇಳದಿದ್ದರೆ ಆಪರೇಶನ್ ಹಾಳಾಯಿತೆಂದು ಊರೆಲ್ಲ ದೂರುತ್ತಿದ್ದೆನೋ ಏನೋ.

ಚೀಟಿಯ ಕೊನೆಯ ಪ್ರಶ್ನೆ ನಮ್ಮಂಥ ಹಳ್ಳಿಯವರಿಗೆ ಎಲ್ಲಕ್ಕಿಂತ ಮುಖ್ಯ: "ರಾತ್ರಿ ಎರಡು ಗಂಟೆಗೆ ರಕ್ತ ಬಂದರೆ ಯಾರು ನೋಡ್ತಾರೆ?" ಸಣ್ಣ ಪೇಟೆಗಳಿಗೆ ವಾರಕ್ಕೊಮ್ಮೆ ಬಂದು ಆಪರೇಶನ್ ಮಾಡಿ ಹೋಗುವ ಸರ್ಜನರಿದ್ದಾರೆ. ಕೈ ಒಳ್ಳೆಯದೇ ಇರಬಹುದು. ಆದರೆ ಅವರು ಕಾರು ಹತ್ತಿದ ಮೇಲೆ ನಮ್ಮನ್ನು ನೋಡುವವರು ಯಾರು ಎಂಬುದು ಮೊದಲೇ ಗೊತ್ತಿರಬೇಕು.

ದೊಡ್ಡ ಕಟ್ಟಡವೇ ಆಗಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಸರ್ಜನರಿಗೆ ಹರ್ನಿಯಾ ನಿತ್ಯದ ಕೆಲಸ. ಅಲ್ಲಿ ಕಲಿಯುವವರೂ ಇರುತ್ತಾರೆ. ಪಕ್ಕದಲ್ಲಿ ಹಿರಿಯರು ನಿಲ್ಲುತ್ತಾರೆಯೇ ಎಂದು ಕೇಳಿದರೆ ತಪ್ಪೇನಲ್ಲ. ಖರ್ಚಿನ ಮಾತು ಆಡಲೂ ಸಂಕೋಚ ಬೇಡ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ತೋರಿಸಬೇಕೆಂದು ಕರ್ನಾಟಕದ 2007ರ ಕಾಯ್ದೆಯೇ ಹೇಳುತ್ತದೆ. ಸಹಕಾರಿ ಸಂಘದ ಸದಸ್ಯರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ 2018ರಲ್ಲಿ ನಿಂತಿತ್ತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ. ನೀವು ಆರಿಸಿದ ಆಸ್ಪತ್ರೆ ಅದರ ಪಟ್ಟಿಯಲ್ಲಿ ಉಂಟೋ ಎಂದು ಮೊದಲೇ ನೋಡಿ. ಆದರೆ ಪಟ್ಟಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಸರ್ಜನರನ್ನು ಒಪ್ಪಬೇಡಿ.

"ವೈದ್ಯರನ್ನು ಪ್ರಶ್ನೆ ಮಾಡುವುದು ಉದ್ಧಟತನ" ಎನ್ನುವ ಹಿರಿಯರಿದ್ದಾರೆ. ಗೌರವ ಇರಲಿ, ನನಗೂ ಉಂಟು. ಆದರೆ ಕೆಲಸ ಬಲ್ಲವರಿಗೆ ಪ್ರಶ್ನೆ ಭಾರವಾಗುವುದಿಲ್ಲ. ನಮ್ಮ ಕೊನೆ ತೆಗೆಯುವವನಲ್ಲಿ "ಈ ಮರ ಹತ್ತಬಹುದಾ?" ಎಂದು ಕೇಳಿದರೆ ಅವನು ಸಿಟ್ಟಾಗುತ್ತಾನಾ? ಮರವನ್ನೊಮ್ಮೆ ಅಲುಗಾಡಿಸಿ ನೋಡಿ ಉತ್ತರ ಹೇಳುತ್ತಾನೆ.

ಇದನ್ನು ಓದುವವರಲ್ಲಿ ಲಂಗೋಟಿ ಬಿಗಿದುಕೊಂಡು ಕೊಯ್ಲು ಮುಗಿಯಲೆಂದು ಕಾಯುತ್ತಿರುವವರು ಇರಬಹುದು. ಈ ವಾರವೇ ಒಬ್ಬ ಸರ್ಜನರನ್ನು ನೋಡಿ ಬನ್ನಿ, ಕಿಸೆಯಲ್ಲಿ ಚೀಟಿ ಇರಲಿ. ಗಂಟು ಒಳಗೆ ಹೋಗದೆ ನೋವು, ವಾಂತಿ ಶುರುವಾದರೆ ಮಾತ್ರ ಆರಿಸುತ್ತ ಕೂರಬೇಡಿ. ಸರ್ಜನರೂ ಅರಿವಳಿಕೆಯವರೂ ಇದ್ದಾರೋ ಎಂದು ಫೋನಿನಲ್ಲಿ ಕೇಳಿ, ಹತ್ತಿರದ ಅಂಥ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ. ಆ ಫೋನ್ ನಂಬರುಗಳನ್ನು ಇವತ್ತೇ ಬರೆದು ಗೋಡೆಗೆ ಅಂಟಿಸಿ. ನಮ್ಮ ಮನೆಯಲ್ಲಿ ಅದು ಪಂಪ್ ರಿಪೇರಿಯವನ ನಂಬರಿನ ಮೇಲೆಯೇ ಉಂಟು.