ಆರೋಗ್ಯ ದರ್ಶನ: ಪರೀಕ್ಷೆಯ ವರದಿಯೂ ರೋಗಿಯ ಉಸಿರೂ

ಮಳೆಗಾಲ ಕಾಲಿಟ್ಟೊಡನೆ ಕರಾವಳಿಯ ಮನೆಮನೆಗಳಲ್ಲಿ ನೆಗಡಿ, ಕೆಮ್ಮು, ಜ್ವರಗಳು ಕಾಣಿಸಿಕೊಳ್ಳುವುದು ವಾಡಿಕೆ. ಮಂಗಳೂರಿನ ನಂತೂರಿನ ಓದುಗ ತಾಯಿಯೊಬ್ಬರು ಹೀಗೆ ಕೇಳಿದ್ದಾರೆ: “ಮನೆಯ ಹಿರಿಯರಿಗೆ ಕೆಮ್ಮು, ಸುಸ್ತು ಇದ್ದು, ಜ್ವರವಿಲ್ಲದೆ, ಕೋವಿಡ್ ಪರೀಕ್ಷೆಯೂ ನೆಗೆಟಿವ್ ಆಗಿದ್ದರೆ ನಿಶ್ಚಿಂತೆಯಿಂದ ಇರಬಹುದೇ?”

ಇರಲಾಗದು ಎಂಬುದೇ ನಮ್ಮ ಉತ್ತರ. ಅದಕ್ಕೆ ಕಾರಣಗಳುಂಟು.

ಮೊದಲನೆಯದು ಜ್ವರದ ಮಾತು. 2020ರ ಆರಂಭದಲ್ಲಿ ಚೀನಾದ ವೈದ್ಯರು 1,099 ಕೋವಿಡ್ ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಆಸ್ಪತ್ರೆಗೆ ಸೇರುವಾಗ ಅವರಲ್ಲಿ ಶೇಕಡಾ 44ರಷ್ಟು ಮಂದಿಗೆ ಮಾತ್ರ ಜ್ವರವಿತ್ತು. ಅನಂತರ ಅದು ಶೇಕಡಾ 89ರಷ್ಟು ಮಂದಿಯಲ್ಲಿ ಕಾಣಿಸಿಕೊಂಡಿತು. ಕೆಮ್ಮು ಶೇಕಡಾ 68ರಷ್ಟು ಮಂದಿಯನ್ನು ಬಾಧಿಸಿತ್ತು. ರಕ್ತಪರೀಕ್ಷೆಯಲ್ಲಿ ಶೇಕಡಾ 83ರಷ್ಟು ರೋಗಿಗಳಿಗೆ ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳು ಕಡಿಮೆಯಾಗಿದ್ದವು. ಆದ್ದರಿಂದ ಜ್ವರವಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ತಿಳಿಯಬಾರದು.

ಎರಡನೆಯದು ಪರೀಕ್ಷೆಯ ಮಾತು. ಶೀಘ್ರ ಫಲಿತಾಂಶ ನೀಡುವ ಆಂಟಿಜೆನ್ ಪರೀಕ್ಷೆಯು ವೈರಾಣು ಹೇರಳವಾಗಿದ್ದಾಗ ಮಾತ್ರ ಅದನ್ನು ಚೆನ್ನಾಗಿ ಗುರುತಿಸುತ್ತದೆ. ಆರ್‌ಟಿಪಿಸಿಆರ್ ಪರೀಕ್ಷೆಯು ವೈರಾಣುವಿನ ಅಲ್ಪ ಅಂಶವನ್ನೂ ವೃದ್ಧಿಪಡಿಸಿ ಕಂಡುಹಿಡಿಯಬಲ್ಲುದು. ಹೀಗಾಗಿಯೇ ರೋಗಲಕ್ಷಣವುಳ್ಳವರಿಗೆ ಆಂಟಿಜೆನ್ ಪರೀಕ್ಷೆ ನೆಗೆಟಿವ್ ಬಂದರೆ ಆರ್‌ಟಿಪಿಸಿಆರ್ ಮಾಡಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿತ್ತು. ಮಾದರಿಯನ್ನು ಸರಿಯಾಗಿ ತೆಗೆಯದಿದ್ದರೆ ಯಾವ ಪರೀಕ್ಷೆಯೂ ತಪ್ಪಬಹುದು. ಅಲ್ಲದೆ ಇನ್‌ಫ್ಲುಯೆಂಜಾ ಮೊದಲಾದ ಬೇರೆ ವೈರಾಣುಗಳೂ ಇವೇ ಲಕ್ಷಣಗಳನ್ನು ತೋರುತ್ತವೆ.

ಮೂರನೆಯದಾಗಿ, ವರದಿಯು ರೋಗಕ್ಕಿಂತ ನಿಧಾನವಾಗಿ ಬರಬಹುದು. ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಅವರಿಗೆ ಕೋವಿಡ್ ಇತ್ತೆಂಬುದು ದೃಢಪಟ್ಟದ್ದು ಮಾರ್ಚ್ 12ರಂದು. ದೇಶದ ಮೊದಲ ಕೋವಿಡ್ ಮರಣ ಅದು. ವರದಿ ಬರುವವರೆಗೆ ಕಾಯಿಲೆ ಕಾಯುವುದಿಲ್ಲ.

ಹಾಗಾದರೆ ಮನೆಯವರು ಗಮನಿಸಬೇಕಾದುದೇನು? ಉಸಿರನ್ನು. ಕೋವಿಡ್‌ನಲ್ಲಿ ಕೆಲವರಿಗೆ ಏದುಸಿರು ಇಲ್ಲದೆಯೇ ರಕ್ತದ ಆಮ್ಲಜನಕ ಇಳಿಯುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಿಂದ ದಿನಕ್ಕೆ ಮೂರು ನಾಲ್ಕು ಬಾರಿ ಅಳೆದು ಬರೆದಿಡಿರಿ. ಬೆರಳು ಬೆಚ್ಚಗಿರಲಿ, ಉಗುರುಬಣ್ಣವಿರದಿರಲಿ. ಅಂಕಿ 94ಕ್ಕಿಂತ ಕೆಳಗಿಳಿದರೆ, ಅಥವಾ ವಿಶ್ರಾಂತಿಯಲ್ಲಿದ್ದಾಗಲೂ ಉಸಿರಾಟ ನಿಮಿಷಕ್ಕೆ 24 ಅಥವಾ ಅದಕ್ಕಿಂತ ಹೆಚ್ಚಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ತುಟಿ ನೀಲಿಗಟ್ಟಿದರೆ, ಎದೆ ಒತ್ತಿದಂತಾದರೆ, ಮಾತು ತೊದಲಿದರೆ, ಮಂಪರು ಕವಿದರೆ ಅಂಕಿಯನ್ನೂ ನೋಡುತ್ತ ಕೂರಬೇಡಿರಿ, 108ಕ್ಕೆ ಕರೆಮಾಡಿರಿ.

ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸವುಳ್ಳ ಹಿರಿಯರಿದ್ದಲ್ಲಿ ಮೊದಲ ದಿನವೇ ವೈದ್ಯರನ್ನು ಕಾಣುವುದು ಲೇಸು. “ನನಗೇನೂ ಆಗಿಲ್ಲ” ಎನ್ನುವುದು ಹಿರಿಯರ ಸ್ವಭಾವ. ಮಕ್ಕಳಿಗೆ ತೊಂದರೆ ಕೊಡಬಾರದೆಂಬ ಸಂಕೋಚ ಅವರದು. ಆ ಮಾತನ್ನು ಗೌರವದಿಂದ ಕೇಳಿರಿ. ಆದರೆ ಅವರ ಉಸಿರನ್ನೂ ಎಣಿಸಿರಿ.