ಸರ್ಕಲಿಗೆ ಹೆಸರಿದ್ದರೆ ಸಾಕೇ?

ನಮ್ಮ ಪಟ್ಟಣಗಳಲ್ಲಿ ಸರ್ಕಲ್‌ಗಳು ಚರ್ಚೆಗೆ ಬರುವುದು ಅವುಗಳ ಹೆಸರಿಗಾಗಿ ಅಥವಾ ಅಲ್ಲಿ ಹಾರುವ ಬಾವುಟಕ್ಕಾಗಿ. 2022ರ ಆಗಸ್ಟ್ 15ರಂದು ಶಿವಮೊಗ್ಗದ ಅಮೀರ್ ಅಹ್ಮದ್ ವೃತ್ತದಲ್ಲಿ ಸಾವರ್ಕರ್-ಟಿಪ್ಪು ಫ್ಲೆಕ್ಸ್ ವಿವಾದವು ಚೂರಿ ಇರಿತದವರೆಗೆ ಹೋಯಿತು, ನಿಷೇಧಾಜ್ಞೆಯೂ ಜಾರಿಯಾಯಿತು. ಆದರೆ ಶಾಲೆ ಬಿಟ್ಟ ಮಗುವೊಂದು ಇಂತಹ ವೃತ್ತವನ್ನು ಹೇಗೆ ದಾಟಬೇಕೆಂದು ಕೇಳಲು ನಾವು ಎಂದಾದರೂ ಬೀದಿಗಿಳಿದಿದ್ದೇವೆಯೇ?

ವೃತ್ತವೆಂಬುದು ಪ್ರತಿಮೆಯ ಪೀಠವಲ್ಲ. ನಾಲ್ಕು ರಸ್ತೆಗಳು ನೇರವಾಗಿ ಕೂಡುವಲ್ಲಿ ವಾಹನಗಳು ಪರಸ್ಪರ ಡಿಕ್ಕಿಯಾಗಬಹುದಾದ ಬಿಂದುಗಳು 32. ಸರಿಯಾಗಿ ಕಟ್ಟಿದ ಏಕಪಥದ ವೃತ್ತದಲ್ಲಿ ಅವು ಕೇವಲ 8. ಅಮೆರಿಕದಲ್ಲಿ ವೃತ್ತಗಳಾಗಿ ಮಾರ್ಪಟ್ಟ 24 ಕೂಡುರಸ್ತೆಗಳ ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನವು, ಗಾಯಾಳುಗಳಾಗುವ ಅಪಘಾತಗಳು ಸುಮಾರು ಮುಕ್ಕಾಲು ಪಾಲು ಕಡಿಮೆಯಾದುದನ್ನು ತೋರಿಸಿತು. ಕಾರಣ ಸರಳ. ನಡುವಿನ ದ್ವೀಪವು ವಾಹನವನ್ನು ಬಾಗಿಸುತ್ತದೆ, ಬಾಗಿದ ವಾಹನ ವೇಗ ತಗ್ಗಿಸಲೇಬೇಕು. ನಮ್ಮಲ್ಲಿ ಹಲವೆಡೆ ಈ ದ್ವೀಪವು ಒಂದು ಡ್ರಮ್ಮಿನಷ್ಟಿದ್ದು, ಲಾರಿಗಳು ಅದರ ಪಕ್ಕದಲ್ಲೇ ನೇರವಾಗಿ ನುಗ್ಗುತ್ತವೆ.

ಅಳತೆಯಷ್ಟೇ ಮುಖ್ಯವಾದುದು ಸರದಿ. ಬ್ರಿಟನ್ನಿನಲ್ಲೂ ಒಳಬರುವ ವಾಹನಗಳು ಸುತ್ತುತ್ತಿರುವವುಗಳ ದಾರಿಗೆ ಅಡ್ಡ ನಿಂತು ವೃತ್ತಗಳೇ ಬೀಗ ಹಾಕಿದಂತಾಗುತ್ತಿದ್ದವು. 1966ರಲ್ಲಿ, ಒಳಗಿರುವವರಿಗೆ ದಾರಿ ಬಿಟ್ಟೇ ಪ್ರವೇಶಿಸಬೇಕೆಂಬ ನಿಯಮ ಅಲ್ಲಿ ಬಂತು. ಎಡಬದಿಯಲ್ಲಿ ಚಲಿಸುವ ನಮಗೂ ಬಲಗಡೆಯಿಂದ ಬರುವವನೇ ಮೊದಲು. ಆದರೆ ನಮ್ಮ ಚಾಲಕರಿಗೆ ಹಾರ್ನೇ ಕಾನೂನು!

ಪಾದಚಾರಿಗಳಿಗಾಗಿ ಪ್ರತಿ ರಸ್ತೆಯ ಬಾಯಲ್ಲಿ ಒಂದು ಕಿರುದ್ವೀಪ ಇರಬೇಕು. ಝೀಬ್ರಾ ಪಟ್ಟಿಯು ವೃತ್ತದ ಅಂಚಿನಿಂದ ಒಂದು ಕಾರಿನ ಉದ್ದದಷ್ಟು ಹಿಂದಿರಬೇಕು. ಆಗ ಕೈಯಲ್ಲಿ ಮಗುವನ್ನು ಹಿಡಿದ ತಾಯಿ ಒಮ್ಮೆಗೆ ಒಂದೇ ದಿಕ್ಕಿನ ವಾಹನಗಳನ್ನು ನೋಡಿ ದಾಟಬಹುದು. ಈಗ ಆ ಜಾಗದಲ್ಲಿರುವುದು ಆಟೋ ನಿಲ್ದಾಣ ಮತ್ತು ಹಣ್ಣಿನ ತಳ್ಳುಗಾಡಿಗಳು. ತಳ್ಳುಗಾಡಿಯವರಲ್ಲಿ ನಮ್ಮವರೂ ಬಹಳ ಮಂದಿಯಿದ್ದಾರೆ. ಅವರನ್ನು ಓಡಿಸಿರೆಂದು ನಾವು ಹೇಳುತ್ತಿಲ್ಲ, ಪುರಸಭೆ ಅವರಿಗೆ ಹತ್ತಿರದಲ್ಲೇ ಜಾಗ ಗುರುತಿಸಿಕೊಡಲಿ.

ಸಾರ್ವಜನಿಕ ರಸ್ತೆಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ನೀಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ರಾಜ್ಯಗಳಿಗೆ ಆದೇಶಿಸಿತ್ತು. ಇತರರ ಪ್ರತಿಮೆಗಳ ವಿರುದ್ಧ ಈ ಆದೇಶವನ್ನು ನೆನಪಿಸುವ ನಾವು, ಮೀಲಾದ್ ಬಂದಾಗ ವೃತ್ತದ ಬಾಯಲ್ಲೇ ಕಮಾನು ಕಟ್ಟಿ, ಬಲಗಡೆಯಿಂದ ಬರುವ ವಾಹನ ಕಾಣದಂತೆ ಫ್ಲೆಕ್ಸ್ ನಿಲ್ಲಿಸುತ್ತೇವೆ. ದಾರಿಯಿಂದ ತೊಂದರೆಯನ್ನು ನೀಗಿಸುವುದು ಈಮಾನಿನ ಒಂದು ಶಾಖೆಯೆಂದು ಕಲಿಸಿದ, ರಸ್ತೆಯ ಬಗ್ಗೆ ತಕರಾರು ಬಂದರೆ ಏಳು ಮೊಳ ಅಗಲ ಬಿಡಬೇಕೆಂದು ತೀರ್ಪಿತ್ತ ಪ್ರವಾದಿಯವರ(ಸ) ಜನ್ಮದ ಹೆಸರಿನಲ್ಲಿ! ಈ ವರ್ಷ ಆ ಕಮಾನನ್ನು ವೃತ್ತದಿಂದ ಐವತ್ತು ಹೆಜ್ಜೆ ಆಚೆ ಕಟ್ಟಲು ಯಾವ ಜಮಾಅತ್ ಮೊದಲು ಮುಂದೆ ಬರುತ್ತದೆ?