ತಾಯಿಹಲಗೆಯ ಸಾಲಾವಳಿ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಎಂಟು ಹತ್ತು ವರ್ಷ ಹಳೆಯ ಕಂಪ್ಯೂಟರುಳ್ಳ ಮನೆಗಳಲ್ಲಿ ಅಂದಿನಿಂದ ಒಂದೇ ಚರ್ಚೆ: ಪ್ರೊಸೆಸರ್ ಒಂದನ್ನು ಬದಲಾಯಿಸಿದರೆ ವಿಂಡೋಸ್ 11 ನಡೆದೀತೇ, ಇಲ್ಲವೇ ಇಡೀ ಪೆಟ್ಟಿಗೆಯನ್ನೇ ಗುಜರಿಗೆ ಹಾಕಬೇಕೇ? ಮಗ ಒಂದು ಹೇಳುತ್ತಾನೆ, ಅಂಗಡಿಯವರು ಮತ್ತೊಂದು ಹೇಳುತ್ತಾರೆ. ಹಣ ತೆರಬೇಕಾದ ಯಜಮಾನರು ಇಬ್ಬರ ಮುಖವನ್ನೂ ನೋಡುತ್ತಾರೆ. ಉತ್ತರವಿರುವುದು ಪೆಟ್ಟಿಗೆಯೊಳಗಿನ ಮದರ್‌ಬೋರ್ಡಿನಲ್ಲಿ.

ಎಲ್ಲ ಭಾಗಗಳೂ ಬಂದು ಸೇರುವ ಈ ಫಲಕವನ್ನು ತಾಯಿಹಲಗೆ ಎನ್ನೋಣ. ಹೊಸದಾಗಿ ಮನೆಗೆ ಯಾರು ಬರಬಹುದು, ಯಾರು ಬರಕೂಡದು ಎಂದು ತೀರ್ಮಾನಿಸುವವಳೂ ಇವಳೇ ಆದುದರಿಂದ ಅತ್ತೆಹಲಗೆ ಎಂದರೂ ಸಲ್ಲುತ್ತಿತ್ತೇನೋ!

ಸಾಲಾವಳಿಯಲ್ಲಿ ಮೊದಲು ನೋಡತಕ್ಕದ್ದು ಪ್ರೊಸೆಸರ್ ಕೂಡುವ ಸಾಕೆಟ್. ಆದರೆ ಸಾಕೆಟ್ ಹೊಂದಿದ ಮಾತ್ರಕ್ಕೆ ಸಂಬಂಧ ಕುದುರಿತೆಂದು ತಿಳಿಯುವಂತಿಲ್ಲ. 2015ರಲ್ಲಿ ಇಂಟೆಲ್ ಸಂಸ್ಥೆಯು ಎಲ್‌ಜಿಎ 1151 ಎಂಬ ಸಾಕೆಟ್ಟನ್ನು ತಂದಿತು. ಹೆಸರಿನಲ್ಲಿರುವ ಅಂಕಿಯು ಸಂಪರ್ಕಬಿಂದುಗಳ ಸಂಖ್ಯೆ. ಆರನೆಯ ಮತ್ತು ಏಳನೆಯ ತಲೆಮಾರಿನ ಪ್ರೊಸೆಸರುಗಳು ಅದರಲ್ಲಿ ನೆಲೆಸಿದವು. 2017ರ ಕೊನೆಯಲ್ಲಿ ಬಂದ ಎಂಟನೆಯ ತಲೆಮಾರಿಗೂ ಬಿಂದುಗಳು 1151ವೇ. ಆದರೂ 100 ಮತ್ತು 200ರ ಸರಣಿಯ ಚಿಪ್‌ಸೆಟ್ಟುಳ್ಳ ಹಳೆಯ ಹಲಗೆಗಳಿಗೆ ಅದು ಸಲ್ಲದು. 300ರ ಸರಣಿಯದೇ ಬೇಕು. ಕೆಲವು ಬಿಂದುಗಳ ಕೆಲಸವನ್ನೇ ಇಂಟೆಲ್ ಬದಲಿಸಿತ್ತು. ದೈವದ ಆಟವೋ ವ್ಯಾಪಾರದ ಆಟವೋ, ವಿಂಡೋಸ್ 11 ಕೂಡ ಕೆಲವು ಅಪವಾದಗಳನ್ನು ಬಿಟ್ಟರೆ ಇಂಟೆಲ್ಲಿನ ಎಂಟನೆಯ ತಲೆಮಾರು ಮತ್ತು ಅದರ ಅನಂತರದವುಗಳನ್ನೇ ಅಧಿಕೃತವಾಗಿ ಒಪ್ಪುತ್ತದೆ. ಹೀಗಾಗಿ 2016ರಲ್ಲಿ ಕೊಂಡ ಇಂಥ ಹಲಗೆಗೆ ಏಳನೆಯ ತಲೆಮಾರಿನ ಅತ್ಯುತ್ತಮ ಪ್ರೊಸೆಸರನ್ನು ಹುಡುಕಿ ತಂದು ಹಾಕಿದರೂ ಬಾಗಿಲ ಹೊರಗೇ ನಿಲ್ಲಬೇಕಾಗುತ್ತದೆ. ವಿಂಡೋಸ್ 11ರ ಸಲುವಾಗಿ ಆ ಹಣವನ್ನು ಯಾರೂ ತೆರದಿರಲಿ.

ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ ಉಳ್ಳವರ ಅದೃಷ್ಟವೇ ಬೇರೆ. 2017ರಲ್ಲಿ ಮೊದಲ ರೈಜನ್ ಪ್ರೊಸೆಸರಿನೊಡನೆ ಕೊಂಡ ಅನೇಕ ಹಲಗೆಗಳು, 2020ರಲ್ಲಿ ಹೊರಬಂದ ರೈಜನ್ 5000 ಸರಣಿಯನ್ನೂ ಸ್ವೀಕರಿಸುತ್ತವೆ. ಅದಕ್ಕೆ ಬೇಕಾದ ಬಯಾಸನ್ನು ಹಲಗೆಯ ತಯಾರಕರು ಒದಗಿಸಿರಬೇಕು, ಅಷ್ಟೆ. ಹಲಗೆಯನ್ನು ಎಚ್ಚರಿಸಿ ನಡೆಸುವ ಮೂಲ ತಂತ್ರಾಂಶವೇ ಬಯಾಸ್. ಇಲ್ಲಿ ಕ್ರಮ ತಪ್ಪಬಾರದು: ಹಳೆಯ ಪ್ರೊಸೆಸರ್ ಕುಳಿತಿರುವಾಗಲೇ ಬಯಾಸನ್ನು ಹೊಸದಾಗಿಸಿ, ಅನಂತರ ಅದನ್ನು ತೆಗೆಯಬೇಕು. ಆ ಕೆಲವು ನಿಮಿಷಗಳಲ್ಲಿ ವಿದ್ಯುತ್ತು ಹೋದರೆ ಹಲಗೆಯು ಮೂಕವಾದೀತು. ಯುಪಿಎಸ್ ಇಲ್ಲದೆ, ಮಳೆಗಾಲದ ಸಂಜೆಯಲ್ಲಿ, ಈ ಸಾಹಸ ಬೇಡ.

ಮೆಮೊರಿಯ ಮಾತು ಇಷ್ಟು ಕ್ಲಿಷ್ಟವಲ್ಲ. ಡಿಡಿಆರ್4 ಮತ್ತು ಡಿಡಿಆರ್5 ಪಟ್ಟಿಗಳೆರಡಕ್ಕೂ 288 ಸಂಪರ್ಕಗಳೇ ಇದ್ದರೂ ನಡುವಣ ಕಚ್ಚಿನ ಸ್ಥಾನ ಬೇರೆ. ಒಂದರ ಜಾಗದಲ್ಲಿ ಮತ್ತೊಂದು ಕೂಡದು; ಬಲವಂತವಾಗಿ ಒತ್ತಿದರೆ ಮುರಿದೀತು.

ಹಲಗೆಯನ್ನೇ ಬದಲಿಸುವವರು ಪೆಟ್ಟಿಗೆಯ ಅಳತೆಯನ್ನೂ ನೋಡಬೇಕು. ಎಟಿಎಕ್ಸ್ ಹಲಗೆಯು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ, ಮೈಕ್ರೋ ಎಟಿಎಕ್ಸ್ ಎರಡು ಕಡೆಯೂ 244 ಮೀರದು. ಹೆಸರಾಂತ ಸಂಸ್ಥೆಗಳ ಕೆಲವು ಸಿದ್ಧ ಕಂಪ್ಯೂಟರುಗಳಲ್ಲಿ ಹಲಗೆಯ ಆಕಾರ, ವಿದ್ಯುತ್ ಜೋಡಣೆ ಎರಡೂ ಅವರವರದೇ ರೀತಿ. ಅಲ್ಲಿ ಹೊರಗಿನ ಹಲಗೆ ಹೊಂದುವುದು ಕಷ್ಟ.

ಹಲಗೆಯ ಹೆಸರು ಅದರ ಮೈಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಬರೆದುಕೊಂಡು, ತಯಾರಕರು ಪ್ರಕಟಿಸಿರುವ ಪ್ರೊಸೆಸರುಗಳ ಪಟ್ಟಿಯೊಡನೆ ತಾಳೆ ನೋಡಿದ ಮೇಲೆಯೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವುದು ಲೇಸು. ಪಟ್ಟಿಯು ನಿರಾಶೆಗೊಳಿಸಿದರೂ ಪೆಟ್ಟಿಗೆಯನ್ನು ಕೂಡಲೇ ಗುಜರಿಗೆ ಕೊಡಬೇಕಾದುದಿಲ್ಲ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಬದಲು ಸಾಟಾ ಮಾದರಿಯ ಎಸ್‌ಎಸ್‌ಡಿ ಒಂದನ್ನು ಜೋಡಿಸಿ, ಉಚಿತವಾಗಿ ದೊರೆಯುವ ಲಿನಕ್ಸ್ ಹಾಕಿದರೆ, ಮಕ್ಕಳ ಪಾಠಕ್ಕೂ ಹಿರಿಯರ ಪತ್ರವ್ಯವಹಾರಕ್ಕೂ ಆ ಯಂತ್ರವೇ ಇನ್ನೂ ಕೆಲವು ವರ್ಷ ಸಾಕು.